ಎತ್ತಿದ ಕೈ

"ಮತ್ತೆ ಅಲ್ಲೇ ನಿಂತ್ರಲ್ಲಾ ರೀ," ಎಂದಳು ಟೀಚರಮ್ಮ.

ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡಿದ್ದ. ಮಕ್ಕಳು ಪದ್ಯ ಒಪ್ಪಿಸುವಾಗ ನಿಲ್ಲುತ್ತಾರಲ್ಲ, ಹಾಗೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ. ಭಾನುವಾರದ ಮಧ್ಯಾಹ್ನ, ಊಟ ಆಗಿತ್ತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಇನ್ನೊಂದ್ಸಲ ಹೇಳಿ. ಕಂಬಿ ಕಟ್ಟು ಮೇಲೆ ಹೋಯ್ತು. ಆಮೇಲೆ?"

"ಮೇಲೆ ಹೋಯ್ತು. ನಾನು ಎಡಕ್ಕೆ ತಿರುಗಿಸ್ದೆ. ಕೆಳಗೆ ಪೀಪಿ ನಿಂತಿದ್ದ. ಅವನು..."

"ಅವನು?"

ಹಿಂದೆ ಕಟ್ಟಿದ್ದ ಕೈಗಳು ಬಿಚ್ಚಿಕೊಂಡು ಮುಂದೆ ಬಂದವು, ಏನು ಮಾಡಬೇಕೆಂದು ತಿಳಿಯದೆ ಹಾಗೇ ಇಳಿಬಿದ್ದವು. "ಸ್ವಲ್ಪ ನೀರು ಕೊಡೇ," ಎಂದ.

ಬೆಳಗಿನಿಂದ ಇದೇ ಕಥೆ. ಎಲ್ಲಿಂದ ಶುರು ಮಾಡಿದರೂ ಇಲ್ಲಿಗೆ ಬಂದು ನಿಂತುಬಿಡುತ್ತಿದ್ದ.

ಅವನು ಕಟ್ಟಡ ಕಟ್ಟುವಲ್ಲಿ ದೊಡ್ಡ ಕ್ರೇನ್ ನಡೆಸುವವನು. ಹದಿನೆಂಟು ಮಹಡಿಯ ಎತ್ತರದಲ್ಲಿ ಗಾಜಿನ ಗೂಡಿನೊಳಗೆ ಕೂತು ಕೆಳಗಿನ ಮನುಷ್ಯರನ್ನು ಇರುವೆಗಳಂತೆ ನೋಡುತ್ತಿದ್ದುದರಿಂದ ಜೊತೆಗಾರರು ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಪೀಪಿ ಕೆಳಗೆ ನಿಂತು ಕೈಸನ್ನೆ ಮಾಡುವವನು. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ಎಲ್ಲವನ್ನೂ ಎರಡು ಕೈಯಲ್ಲಿ ಹೇಳಿ, ಸಾಲದಿದ್ದರೆ ಬಾಯಲ್ಲಿದ್ದ ಪೀಪಿಯನ್ನು ಊದುತ್ತಿದ್ದ, ಅದಕ್ಕೇ ಅವನಿಗೆ ಆ ಹೆಸರು. ಎಷ್ಟೋ ವರ್ಷಗಳಿಂದ ಇಬ್ಬರದೂ ಒಂದೇ ಜೋಡಿ. ಹೋದ ಮಂಗಳವಾರ ಕಂಬಿ ಕಟ್ಟಿದ್ದ ಬೆಲ್ಟ್ ಗಾಳಿಯಲ್ಲಿ ಹರಿಯಿತು. ಪೀಪಿಯ ಎಡಗಾಲು ಮೊಣಕಾಲಿಂದ ಕೆಳಗೆ ಜಜ್ಜಿಹೋಯಿತು. ಬೆನ್ನಿಗೂ ಪೆಟ್ಟು ಬಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನಿಗೆ ಬೆಳಗಿನ ಚಹಾದ ನೆನಪಿತ್ತೇ ಹೊರತು ಆಮೇಲಿನದೇನೂ ನೆನಪಿರಲಿಲ್ಲ.

ಆ ಬೆಲ್ಟಿನ ನೂಲು ಎದ್ದಿದ್ದನ್ನು ಗಂಡ ಅವತ್ತು ಬೆಳಗ್ಗೆಯೇ ಕಂಡಿದ್ದ. ಸೈಟಿನ ಇಂಜಿನಿಯರ್‌ಗೆ ತೋರಿಸಿಯೂ ಇದ್ದ. "ಹೊಸದು ನಾಳೆ ಬರುತ್ತೆ, ಇದೊಂದು ಕಟ್ಟು ಎತ್ತಿಬಿಡು," ಎಂದಿದ್ದ ಇಂಜಿನಿಯರ್. ಎತ್ತಿದ್ದ. ಮಂಗಳವಾರ ಮನೆಗೆ ಬಂದವನು ಇಷ್ಟನ್ನು ಮಾತ್ರ ಹೆಂಡತಿಗೆ ಹೇಳಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ಇವತ್ತು ಬೆಳಗ್ಗೆ ಇಂಜಿನಿಯರ್ ತಾನಾಗಿ ಮನೆಗೆ ಬಂದಿದ್ದ. ಕೊಟ್ಟ ಚಹಾ ಕುಡಿಯದೆ ಲೋಟದ ಅಂಚನ್ನು ಬೆರಳಲ್ಲಿ ಸವರುತ್ತ ಕೂತಿದ್ದ.

"ನಾಳೆ ವಿಚಾರಣೆಗೆ ಲೇಬರ್ ಇಲಾಖೆಯಿಂದ ಮೇಡಂ ಒಬ್ರು ಬರ್ತಾರೆ. ಮೇಲಿಂದ ನೋಡಿದವನು ನೀನೊಬ್ಬನೇ. ನೀನು ಏನು ಕಂಡೆ ಅಂತೀಯೋ ಅದೇ ನಡೆದಿದ್ದು. ಪೀಪಿ ಹೇಳದೆ ಕೇಳದೆ ಕಂಬಿ ಕೆಳಗೆ ನುಗ್ಗಿದ, ನೀನು ಗಾಬರಿಯಾಗಿ ಬ್ರೇಕ್ ಹಾಕಿದೆ, ಆ ಎಳೆತಕ್ಕೆ ಬೆಲ್ಟ್ ಹೋಯ್ತು. ಬೆಳಗ್ಗೆ ಬೆಲ್ಟ್ ನೋಡಿದ ಮಾತು ಬೇಡ. ಆ ಮಾತು ಬಂದ್ರೆ ನಾನೂ ಹೋಗ್ತೀನಿ, ನೋಡಿಯೂ ಎತ್ತಿದವನು ಅಂತ ನೀನೂ ಹೋಗ್ತೀಯ." ಆಮೇಲೆ ಟೀಚರಮ್ಮನ ಕಡೆ ತಿರುಗಿ ನಕ್ಕಿದ್ದ. "ನೀವು ಪಾಠ ಹೇಳೋರು. ಸ್ವಲ್ಪ ತಿದ್ದಿ ತೀಡಿ ಅಮ್ಮಾ. ಇವನಿಗೆ ನಾಲ್ಕು ಮಾತು ನೆಟ್ಟಗೆ ಜೋಡಿಸೋಕೆ ಬರಲ್ಲ."

ಅವನು ಹೋದ ಮೇಲೆ ಟೀಚರಮ್ಮ ಮುಟ್ಟದ ಚಹಾ ಚೆಲ್ಲಿ ಲೋಟ ತೊಳೆದಿಟ್ಟಳು. ಕ್ರೇನ್ ನಡೆಸುವ ಲೈಸೆನ್ಸ್ ಹೋದರೆ ಈ ವಯಸ್ಸಿನಲ್ಲಿ ಇವನಿಗೆ ಬೇರೆ ಏನು ಬರುತ್ತದೆ? ನೆಲದ ಮೇಲೆ ಮಾಡುವ ಕೆಲಸ ಒಂದನ್ನೂ ಇವನು ಕಲಿತವನಲ್ಲ. ಹಾಗೆಂದು ಟೀಚರಮ್ಮ ಬಾಯಿಬಿಟ್ಟು ಹೇಳಲಿಲ್ಲ. "ಎಲ್ಲಿ, ಒಂದ್ಸಲ ಹೇಳಿ ನೋಡೋಣ," ಎಂದಷ್ಟೇ ಅಂದಳು.

ಈಗ ನೀರು ಕುಡಿದು ಲೋಟ ಇಟ್ಟ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿದಳು.

"ನೀವು ಬೆಲ್ಟಿಂದ ಶುರು ಮಾಡ್ತೀರ, ಅದಕ್ಕೇ ತಡವರಿಸೋದು. ಕಥೆ ಎಲ್ಲಿ ಶುರುವಾಗುತ್ತೋ ಅದರ ಮೇಲೆ ಅದು ಯಾರ ಕಥೆ ಅನ್ನೋದು ನಿಂತಿರುತ್ತೆ. ಬೆಲ್ಟಿಂದ ಶುರುವಾದ್ರೆ ಅದು ಇಂಜಿನಿಯರ್ ಕಥೆ, ನಿಮ್ಮ ಕಥೆ. ಕಂಬಿ ಗಾಳೀಲಿರುವಾಗ ಶುರು ಮಾಡಿ. ಆಗ ಅದು ಪೀಪಿ ಕಥೆ."

ಪ್ರತಿ ವರ್ಷ ಎಂಟನೇ ತರಗತಿಗೆ ಅವಳು ಹೇಳಿಕೊಡುತ್ತಿದ್ದುದು ಇದನ್ನೇ. ಯಾರು, ಎಲ್ಲಿ, ಯಾವಾಗ, ಏನು ಬೇಕಿತ್ತು, ಏನು ಅಡ್ಡ ಬಂತು, ಯಾರ ಕಣ್ಣಿಂದ ನೋಡುತ್ತಿದ್ದೇವೆ. ಕರಿಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಮಕ್ಕಳ ಬಾಯಿಂದಲೇ ಉದಾಹರಣೆ ಹೊರಡಿಸುತ್ತಿದ್ದಳು. ಕಥೆಯ ಪಾಠದಲ್ಲಿ ಟೀಚರಮ್ಮ ಎತ್ತಿದ ಕೈ ಎಂದು ಹೆಡ್‌ಮಾಸ್ಟರರೇ ಸಭೆಯಲ್ಲಿ ಹೇಳಿದ್ದುಂಟು. ಆದರೆ ಇಷ್ಟು ವರ್ಷದಲ್ಲಿ ಅವಳು ಸ್ವಂತ ಕಥೆಯೊಂದನ್ನು ಕಟ್ಟಿದವಳಲ್ಲ.

"ಪೀಪಿ ಕೆಟ್ಟವನು, ಹೊಣೆಗೇಡಿ ಅಂತೆಲ್ಲ ಅನ್ನಬೇಡಿ. ಯಾರೂ ನಂಬಲ್ಲ. ಒಳ್ಳೆಯವನು, ಎಲ್ಲರನ್ನೂ ನಗಿಸೋನು, ಸ್ವಲ್ಪ ಮೈಮರೆವು ಜಾಸ್ತಿ ಅನ್ನಿ. ಅವತ್ತು ಬಿಸಿಲು ಹೇಗಿತ್ತು?"

"ಕಣ್ಣಿಗೆ ಹೊಡೀತಿತ್ತು."

"ಅದನ್ನೇ ಹೇಳಿ. ಬಿಸಿಲು ಕಣ್ಣಿಗೆ ಹೊಡೀತಿತ್ತು, ಕೆಳಗೆ ಧೂಳು. ಆ ಧೂಳಲ್ಲಿ ಪೀಪಿ ಕಂಡ. ಏನ್ ಮಾಡ್ತಿದ್ದ?"

ಗಂಡನ ಮಾತು ಮತ್ತೆ ನಿಂತಿತು. "ಅವನ ಕೈ..."

"ಕೈ? ಕೈಯಲ್ಲೇನಿತ್ತು?"

"ಏನೂ ಇರಲಿಲ್ಲ."

ಟೀಚರಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ತೆರೆದಾಗ ಅದು ಸಿಕ್ಕಿಬಿಟ್ಟಿತ್ತು. "ಫೋನ್ ಇತ್ತು ಅನ್ನಿ. ಕೈಯಲ್ಲಿ ಫೋನು, ಅದನ್ನ ನೋಡ್ತಾ ನಡ್ಕೊಂಡು ಬರ್ತಿದ್ದ. ನಗ್ತಿದ್ದ."

"ಅಷ್ಟೆತ್ತರದಿಂದ ನಗು ಕಾಣಲ್ಲ ಕಣೇ."

"ಹಾಗಾದ್ರೆ ತಲೆ ಹಿಂದಕ್ಕೆ ಹಾಕಿ ನಕ್ಕ ಅನ್ನಿ. ಅದು ಕಾಣುತ್ತೆ."

ಅತ್ತೆಯ ಕೈ ಬಟಾಣಿ ಸಿಪ್ಪೆಯ ಮೇಲೆ ನಿಂತಿತು. "ಅಯ್ಯೋ ಪಾಪ," ಎಂದರು. "ಹಾಳು ಫೋನು! ಇದನ್ನ ನೀನು ಮೊದಲೇ ಹೇಳಲಿಲ್ವಲ್ಲೋ ಮಗನೇ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಟೀಚರಮ್ಮನಿಗೆ ಮೈಯೆಲ್ಲ ಜುಂ ಎಂದಿತು. ಅದು ಹೆದರಿಕೆಯಲ್ಲ, ಖುಷಿ. ಕಲ್ಲಿನ ಹಾಗೆ ಬಿದ್ದಿದ್ದ ನಾಲ್ಕು ಮಾತು ತನ್ನ ಕೈ ತಾಗಿ ಎದ್ದು ನಡೆದ ಖುಷಿ. ಗಂಡನಿಂದ ಮೊದಲಿನಿಂದ ಹೇಳಿಸಿದಳು. ಈ ಸಲ ಅವನು ಎಲ್ಲೂ ನಿಲ್ಲಲಿಲ್ಲ. ಬಿಸಿಲು, ಧೂಳು, ಫೋನು, ನಗು, ಬ್ರೇಕು, ಎಲ್ಲ ಒಂದರ ಹಿಂದೊಂದು ಬಂದವು. ಮುಗಿಸಿ ಎದ್ದು ಹಿತ್ತಿಲಿಗೆ ಹೋದ. ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಸೋಮವಾರ ಸೈಟಿನ ತಗಡಿನ ಆಫೀಸಿನಲ್ಲಿ ವಿಚಾರಣೆ. ಹೇಳಿಕೆ ಕೊಡುವವನ ಜೊತೆ ಮನೆಯವರೊಬ್ಬರು, ಪೆಟ್ಟು ತಿಂದವನ ಕಡೆಯವರೊಬ್ಬರು ಕೂರಬಹುದೆಂದು ಹೇಳಿದ್ದರು. ಟೀಚರಮ್ಮ ಶಾಲೆಗೆ ರಜೆ ಹಾಕಿ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಅವಳು ಕೂತ ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಸಣಕಲು ಮೈ, ಬಲಗೈ ಹೆಬ್ಬೆರಳಿಗೆ ದಾರದ ತುಣುಕೊಂದು ಸುತ್ತಿಕೊಂಡೇ ಇತ್ತು. ಹೊಲಿಗೆ ಅಂಗಡಿಯಿಂದ ನೇರ ಬಂದಿರಬೇಕು. ಪೀಪಿಯ ಹೆಂಡತಿ.

"ಅಣ್ಣ ಚೆನ್ನಾಗಿದಾರಾ ಅಕ್ಕಾ?" ಎಂದು ಅವಳೇ ಮೊದಲು ಕೇಳಿದಳು. "ನಮ್ಮನೆಯವರಿಗೆ ಅವರದ್ದೇ ಚಿಂತೆ. ಹದ್ದು ಊಟ ಮಾಡ್ತಿದಾನೋ ಇಲ್ವೋ ನೋಡ್ಕೊಂಡು ಬಾ ಅಂದ್ರು."

ಟೀಚರಮ್ಮ ಏನೋ ಹೇಳಿದಳು. ಏನು ಹೇಳಿದೆನೆಂದು ಅವಳಿಗೇ ಗೊತ್ತಾಗಲಿಲ್ಲ.

ಅಧಿಕಾರಿ ಮೇಡಂ ನಡುವಯಸ್ಸಿನವರು, ಮಾತು ಕಡಿಮೆ. ಮಾತು ಸರಿಯಾಗಿ ರೆಕಾರ್ಡ್ ಆಗಲೆಂದು ಫ್ಯಾನ್ ಆರಿಸಿದರು. ತಗಡಿನ ಕೆಳಗೆ ಸೆಕೆ ಒಮ್ಮೆಲೆ ಮುಖಕ್ಕೆ ಬಡಿಯಿತು. ಇಂಜಿನಿಯರ್ ಕಿಟಕಿಯ ಬಳಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಗಂಡ ಹೇಳತೊಡಗಿದ. ಟೀಚರಮ್ಮನ ತುಟಿಗಳೂ ಅವನ ಜೊತೆ ಸದ್ದಿಲ್ಲದೆ ಅಲುಗಾಡುತ್ತಿದ್ದವು. ಕಂಬಿ ಗಾಳಿಯಲ್ಲಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪೀಪಿ ಒಳ್ಳೆಯವನು, ಎಲ್ಲರನ್ನೂ ನಗಿಸುವವನು. ಆ ಜಾಗ ಬಂತು.

"ಅವನ ಕೈಯಲ್ಲಿ ಫೋನ್ ಇತ್ತು ಮೇಡಂ. ನೋಡ್ತಾ ಬರ್ತಿದ್ದ. ತಲೆ ಹಿಂದಕ್ಕೆ ಹಾಕಿ ನಕ್ಕ."

ದಾಟಿದ. ಅಧಿಕಾರಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವನನ್ನೇ ನೋಡಿದರು. ಅವರ ಮುಖದಲ್ಲಿ ಆ ನಗು ಮೂಡಿ, ಅಲ್ಲೇ ನೋವಾಗಿ ಬದಲಾದದ್ದನ್ನು ಟೀಚರಮ್ಮ ಸ್ಪಷ್ಟವಾಗಿ ಕಂಡಳು. ನಂಬಿದ್ದರು. ಇಂಜಿನಿಯರ್ ಮೆಲ್ಲಗೆ ಕಾಲು ಕೆಳಗಿಳಿಸಿ, ಬೆನ್ನನ್ನು ಕುರ್ಚಿಗೆ ಆನಿಸಿದ.

ಆಗ ಯಾರೋ ಅವಳ ಮಣಿಕಟ್ಟು ಹಿಡಿದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ಚರ್ಮಕ್ಕೆ ಒತ್ತಿತು.

"ಅಕ್ಕಾ," ಎಂದಳು ಪೀಪಿಯ ಹೆಂಡತಿ, ಅವಳ ಕಿವಿಗೆ ಮಾತ್ರ ಕೇಳುವ ಹಾಗೆ. "ಅದು ನಾನೇ."

"ಏನು?"

"ಫೋನ್ ಮಾಡಿದ್ದು ನಾನೇ. ಅದೇ ಹೊತ್ತಿಗೆ. ಮಗಳಿಗೆ ನಾಲ್ಕು ದಿನದಿಂದ ಜ್ವರ, ಅವತ್ತು ಇಳೀತು. ಅದನ್ನ ಹೇಳೋಣ ಅಂತ. ರಿಂಗ್ ಆಗ್ತಾನೇ ಇತ್ತು, ಅವರು ಎತ್ತಲಿಲ್ಲ. ನಮ್ಮನೆಯವರು ಕೆಲಸದಲ್ಲಿ ಫೋನ್ ಮುಟ್ಟಲ್ಲ, ಅದಕ್ಕೇ ಎತ್ತಲಿಲ್ಲ ಅಂದ್ಕೊಂಡಿದ್ದೆ. ನನ್ನ ಹೆಸರು ಬಂದಿರುತ್ತೆ ಅಕ್ಕಾ. ನೋಡಿ ನಕ್ಕಿರ್ತಾರೆ." ಅವಳು ಅಳುತ್ತಿರಲಿಲ್ಲ. "ನಾನು ಮಾಡದೇ ಇದ್ದಿದ್ರೆ ಕಾಲು ನೆಟ್ಟಗಿರ್ತಿತ್ತು, ಅಲ್ವಾ?"

ಟೀಚರಮ್ಮ ಎದುರಿನ ತಗಡಿನ ಗೋಡೆಯನ್ನೇ ನೋಡುತ್ತ ಕೂತಳು. ಒಂದು ಘಟನೆ ಇನ್ನೊಂದನ್ನು ಹೆರಬೇಕು, ಆಗಲೇ ಅದು ಕಥೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದಳು. ತಾನು ಗಾಳಿಯಿಂದ ಹಿಡಿದು ತಂದ ಒಂದು ಫೋನು ಎಲ್ಲೆಲ್ಲೋ ಅಲೆದು, ಕೊನೆಗೆ ಹೋಗಿ ಈ ಹೆಂಗಸಿನ ಎದೆಗೆ ಕಚ್ಚಿಕೊಂಡಿತ್ತು. ಇನ್ನು ಇವಳು ಮಗಳ ಹಣೆ ಮುಟ್ಟಿ ನೋಡುವಾಗಲೆಲ್ಲ ಅದು ರಿಂಗಾಗುತ್ತಲೇ ಇರುತ್ತದೆ. ಪೀಪಿ ಕುಂಟುತ್ತ ಬಚ್ಚಲಿಗೆ ಹೋಗುವಾಗಲೆಲ್ಲ ರಿಂಗಾಗುತ್ತದೆ.

"ಸರಿ," ಎಂದರು ಅಧಿಕಾರಿ ಮೇಡಂ. "ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಸುಮ್ಮನೆ ಕೂತರೆ ಸಾಕಿತ್ತು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಮೇಡಂ ರೆಕಾರ್ಡ್ ನಿಲ್ಲಿಸಲು ಬೆರಳು ಚಾಚಿದರು. ಮುಂದೆ ಕೂತಿದ್ದ ಗಂಡನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಈ ಬೆನ್ನು ಇನ್ನೂ ಹತ್ತು ವರ್ಷ ಆ ಗಾಜಿನ ಗೂಡಿನಲ್ಲಿ ಕೂರಬಹುದಿತ್ತು.

ಟೀಚರಮ್ಮ ಎದ್ದು ನಿಂತಳು. ಮಣಿಕಟ್ಟು ಹಿಡಿದಿದ್ದ ಕೈಯೂ ಅವಳ ಜೊತೆ ಮೇಲೆ ಬಂತು.

"ಆ ಫೋನ್ ಇರಲಿಲ್ಲ," ಎಂದಳು.

"ನೀವು ಯಾರು?"

"ಅವರ ಹೆಂಡತಿ."

"ನೀವು ಅವತ್ತು ಇಲ್ಲಿದ್ರಾ?"

"ಇಲ್ಲ ಮೇಡಂ, ಅದಕ್ಕೇ ಹೇಳ್ತಿದೀನಿ. ನಾನೂ ಇರಲಿಲ್ಲ, ಆ ಫೋನೂ ಇರಲಿಲ್ಲ. ಅದನ್ನ ಪೀಪಿ ಕೈಗೆ ಕೊಟ್ಟವಳು ನಾನು. ನಿನ್ನೆ ಮಧ್ಯಾಹ್ನ, ನಮ್ಮನೇಲಿ. ನಗೂನೂ ನಂದೇ."

ಮಣಿಕಟ್ಟಿನ ಮೇಲಿದ್ದ ಕೈ ಬಿಟ್ಟಿತು.

"ಮೇಡಂ, ಆಯಮ್ಮನಿಗೆ ಗಾಬರಿ ಆಗಿದೆ. ಮನೇಲಿ ಎಲ್ರಿಗೂ ನಿದ್ದೆ ಇಲ್ಲ..." ಇಂಜಿನಿಯರ್ ಎದ್ದೇಬಿಟ್ಟಿದ್ದ.

"ನೀವು ಕೂತ್ಕೊಳ್ಳಿ," ಎಂದರು ಅಧಿಕಾರಿ ಮೇಡಂ, ಅವನ ಕಡೆ ನೋಡದೆ. ಗಂಡನನ್ನು ಕೇಳಿದರು: "ಏನಪ್ಪಾ? ನಿಮ್ಮ ಹೆಂಡತಿ ಹೇಳ್ತಿರೋದು ನಿಜಾನಾ?"

ಗಂಡ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೇ, ಏನಿತ್ತು, ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಜೊತೆಗೆ ಬದುಕಿದ ಮುಖ, ಆಗ ಬೀದಿಯಲ್ಲಿ ಎದುರಾದ ಯಾರದೋ ಮುಖದಂತಿತ್ತು.

"ಯೋಚ್ನೆ ಮಾಡಿ ಮಾತಾಡು," ಎಂದ ಇಂಜಿನಿಯರ್, ಮೆತ್ತಗೆ. "ನಿನ್ನ ಲೈಸೆನ್ಸ್."

ಹೊರಗೆ ಎಲ್ಲೋ ಸಿಮೆಂಟ್ ಕಲಸುವ ಯಂತ್ರ ತಿರುಗುತ್ತಿತ್ತು. ಅದು ನಿಂತಿತು. ಗಂಡ ಕುರ್ಚಿಯಿಂದ ಎದ್ದ.

"ಕೈಯಲ್ಲಿ ಏನೂ ಇರಲಿಲ್ಲ," ಎಂದ. "ಎರಡೂ ಕೈ ಮೇಲಿತ್ತು."

ಹೇಳುತ್ತಲೇ ಅವನ ಕೈಗಳು ಎದ್ದವು. ನಿನ್ನೆಯಿಡೀ ಎದೆಯ ಮಟ್ಟಕ್ಕೆ ಬಂದು ಇಳಿದುಹೋಗುತ್ತಿದ್ದ ಕೈಗಳು ಈಗ ತಲೆಯ ಮೇಲಕ್ಕೆ ಹೋಗಿ, ಬೆರಳು ಅಗಲಿಸಿ ನಿಂತವು.

"ಹೀಗೆ. ಎರಡೂ ಕೈ ಎತ್ತಿದ್ರೆ ಇದ್ದ ಹಾಗೇ ನಿಲ್ಲಿಸಬೇಕು, ಮೇಡಂ. ಅವನು ಕೆಳಗಿಂದ ಬೆಲ್ಟ್ ನೋಡ್ಬಿಟ್ಟಿದ್ದ. ಪೀಪಿ ಊದ್ತಾನೇ ಇದ್ದ. ನನಗೆ ಕೇಳಿಸ್ತು. ಕಾಣಿಸ್ತು. ಇನ್ನೊಂದು ಸ್ವಲ್ಪ ಇದೆ, ಇಳಿಸಿಬಿಡೋಣ ಅಂದ್ಕೊಂಡೆ." ಕೈ ಇಳಿಸುವುದನ್ನು ಮರೆತವನಂತೆ ನಿಂತೇ ಇದ್ದ. "ಅವನು ನುಗ್ಗಲಿಲ್ಲ. ಅಲ್ಲಿ ಇಬ್ರು ಕಲ್ಲು ಹೊರೋರು ತಲೆ ಬಗ್ಗಿಸ್ಕೊಂಡು ಏನೂ ನೋಡದೆ ಬರ್ತಿದ್ರು, ಅವರಿಗೆ ಅಡ್ಡ ನಿಂತ."

ಟೀಚರಮ್ಮ ಬೆಂಚಿನ ಮೇಲೆ ಕೂತಳು. ಇದನ್ನು ಅವನು ಅವಳಿಗೂ ಹೇಳಿರಲಿಲ್ಲ. ಅವನು ಪ್ರತಿ ಸಲ ಬಂದು ನಿಲ್ಲುತ್ತಿದ್ದುದು ಆ ಎರಡು ಖಾಲಿ ಕೈಗಳ ಎದುರಿಗೆ. ಮಾತು ಬಾರದೆ ನಿಂತಿದ್ದಾನೆ ಅಂದುಕೊಂಡು ಅವಳು ಅದರೊಳಗೆ ಫೋನ್ ಇಟ್ಟಿದ್ದಳು.

"ಮೊದಲಿಂದ ಹೇಳಿ," ಎಂದರು ಅಧಿಕಾರಿ ಮೇಡಂ. "ನಿಧಾನಕ್ಕೆ."

ಗಂಡ ಹೆಂಡತಿಯ ಕಡೆ ನೋಡಲಿಲ್ಲ. "ಬೆಳಗ್ಗೆ ಬೆಲ್ಟ್ ನೋಡ್ದೆ," ಎಂದು ಶುರು ಮಾಡಿದ. ತಡವರಿಸಿದ, ಹಿಂದೆ ಮುಂದೆ ಮಾಡಿದ, ಹೇಳಿದ್ದನ್ನೇ ಹೇಳಿದ. ಬಿಸಿಲಿನ ಮಾತು ಬರಲೇ ಇಲ್ಲ.

ಮುಗಿದು ಹೊರಗೆ ಬಂದಾಗ ಪೀಪಿಯ ಹೆಂಡತಿ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದಳು. ಟೀಚರಮ್ಮ ಹತ್ತಿರ ಹೋದಳು.

ಆ ಹೆಂಗಸೇ ಮೊದಲು ಕೇಳಿದಳು. ಈಗ ಅಕ್ಕಾ ಎನ್ನಲಿಲ್ಲ. "ನಮ್ಮನೆಯವರು ಕೈ ಎತ್ತಿದ್ದು, ಅಡ್ಡ ನಿಂತಿದ್ದು... ಅದು ನಿಜಾನಾ? ಇಲ್ಲಾ ಅದನ್ನೂ ನೀವೇ ಸೇರಿಸಿದ್ದಾ?"

"ನಿಜ. ಅದು ನಿಜ."

ಪೀಪಿಯ ಹೆಂಡತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು, ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವವಳ ಹಾಗೆ. ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಗೇಟಿನ ಕಡೆ ಹೋದಳು.

ಗಂಡನ ಲೈಸೆನ್ಸನ್ನು ಅಮಾನತಿನಲ್ಲಿಟ್ಟರು. ಇಂಜಿನಿಯರನ್ನು ಕೆಲಸದಿಂದ ತೆಗೆದರು, ಅವನ ಮೇಲೆ ಕೇಸು ನಡೆಯುತ್ತಿದೆ. ಪೀಪಿಯ ಆಸ್ಪತ್ರೆಯ ಖರ್ಚನ್ನು ಕಂಪನಿ ಹೊರಬೇಕೆಂದು ತೀರ್ಮಾನವಾಯಿತು. ಗಂಡ ಈಗ ಒಂದು ಉಗ್ರಾಣದಲ್ಲಿ ಮೂಟೆಗಳ ಮೇಲ್ವಿಚಾರಣೆ ನೋಡುತ್ತಾನೆ. ನೆಲದ ಮೇಲೆ ನಡೆದು ಅಭ್ಯಾಸವಿಲ್ಲದ ಅವನಿಗೆ ಸಂಜೆಗೆ ಪಾದ ಊದಿಕೊಳ್ಳುತ್ತದೆ. ಒಂದು ದಿನ ಊಟಕ್ಕೆ ಕೂತವನು ಇದ್ದಕ್ಕಿದ್ದಂತೆ, "ನಿನ್ನಿಂದ ಹೋಯ್ತು ಅಂತ ನಾನು ಅಂದ್ಕೊಂಡಿಲ್ಲ," ಎಂದ. ಅತ್ತೆ, "ಏನು ಹೋಯ್ತು?" ಎಂದು ಕೇಳಿದರು. ಟೀಚರಮ್ಮ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಪೀಪಿ ಮನೆಗೆ ಬಂದಮೇಲೆ ಇಬ್ಬರೂ ನೋಡಲು ಹೋದರು. ಹೋಗುವುದೋ ಬೇಡವೋ ಎಂದು ಟೀಚರಮ್ಮ ಎರಡು ವಾರ ತಳ್ಳಿದ್ದಳು. ಒಂದೇ ಕೋಣೆಯ ಮನೆ. ಬಾಗಿಲಿಗೆ ಎದುರಾಗಿ ಮಂಚ, ಅದರ ಮೇಲೆ ದಿಂಬಿಗೆ ಒರಗಿ ಪೀಪಿ. ಮೂಳೆ ಕೂಡಲೆಂದು ಕಾಲಿಗೆ ಸುತ್ತಲೂ ಉಕ್ಕಿನ ಸಲಾಕೆ. ಮೂಲೆಯಲ್ಲಿ ಹೊಲಿಗೆ ಮಿಷನ್ ಓಡುತ್ತಿತ್ತು. ಇವರನ್ನು ಕಂಡು ನಿಂತಿತು.

"ಬಂದ್ಯೇನೋ ಹದ್ದು! ಇಳಿದುಬಿಟ್ಟೆಯಂತಲ್ಲ ಕೊನೆಗೂ!" ಎಂದು ಕೂಗಿ ಪೀಪಿ ನಕ್ಕ. ನಗುವಾಗ ಬೆನ್ನು ನೋಯುತ್ತಿದ್ದುದರಿಂದ ಅರ್ಧಕ್ಕೇ ನಿಲ್ಲಿಸಿದ.

ಅವನ ಹೆಂಡತಿ ಎದ್ದು, ಗೋಡೆಗೆ ಮಡಚಿ ಇಟ್ಟಿದ್ದ ಕುರ್ಚಿಯನ್ನು ಬಿಡಿಸಿ ಟೀಚರಮ್ಮನ ಗಂಡನ ಮುಂದೆ ಹಾಕಿದಳು. ಒಂದೇ ಕುರ್ಚಿ. ಹಾಕಿ ಮತ್ತೆ ಮಿಷನ್ನಿಗೆ ಹೋಗಿ ಕೂತಳು, ಇವರಿಗೆ ಬೆನ್ನು ಮಾಡಿ. ಚಕ್ರ ತಿರುಗತೊಡಗಿತು.

ಗಂಡ ಕೂರಲೋ ಬೇಡವೋ ಎಂದು ಕುರ್ಚಿಯ ಬೆನ್ನು ಹಿಡಿದು ನಿಂತ. ಟೀಚರಮ್ಮ ಹೊಸ್ತಿಲಲ್ಲೇ ಇದ್ದಳು, ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು.

ಪೀಪಿ ಹೆಂಡತಿಯ ಬೆನ್ನನ್ನೊಮ್ಮೆ ನೋಡಿದ, ಹೊಸ್ತಿಲಲ್ಲಿ ನಿಂತವಳನ್ನೊಮ್ಮೆ ನೋಡಿದ. ತೊಡೆಯ ಕೆಳಗೆ ಎರಡೂ ಕೈ ಹಾಕಿ, ಬೇರೆ ಯಾರದೋ ವಸ್ತುವನ್ನು ಎತ್ತುವವನಂತೆ ಜೋಪಾನವಾಗಿ ಕಾಲನ್ನು ಎತ್ತಿದ. ಸಲಾಕೆಗಳು ಕಿಣಿಗುಟ್ಟಿದವು. ಸ್ವಲ್ಪ ಸರಿಸಿದ, ಉಸಿರು ತೆಗೆದುಕೊಂಡ, ಇನ್ನೂ ಸ್ವಲ್ಪ ಗೋಡೆಯ ಕಡೆಗೆ ಸರಿಸಿದ. ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಹಾಸಿಗೆ ಕಂಡಿತು, ಮಧ್ಯದಲ್ಲಿ ಕಾಲಿದ್ದ ಜಾಗ ಇನ್ನೂ ತಗ್ಗಾಗಿಯೇ ಇತ್ತು.